ಎಕ್ಸ್‌ಚೇಂಜ್ ಸೆಮಿಸ್ಟರ್: ಹೊರಡುವ ಮುನ್ನ ಮೂರು ಲೆಕ್ಕ

ಯುಎಇಯಲ್ಲಿ ಓದುತ್ತಿರುವ ಮಗಳಿಗೆ ಜರ್ಮನಿಯಲ್ಲಿ ಒಂದು ಸೆಮಿಸ್ಟರ್ ಓದುವ ಅವಕಾಶ ಸಿಕ್ಕರೆ ಮನೆಮಂದಿಗೆಲ್ಲ ಖುಷಿ. ಆದರೆ ಟಿಕೆಟ್ ಮಾಡಿಸೋ ಮೊದಲು ಮೂರು ಲೆಕ್ಕ ಸರಿಯಿರಬೇಕು.

ಒಂದು, ಕ್ರೆಡಿಟ್. ಯುರೋಪಿನಲ್ಲಿ ಪೂರ್ಣ ಸೆಮಿಸ್ಟರ್ ಅಂದರೆ 30 ಇಸಿಟಿಎಸ್. ಅಲ್ಲಿನ ಯಾವ ವಿಷಯ ಇಲ್ಲಿನ ಯಾವುದಕ್ಕೆ ಸಮ ಅನ್ನೋದನ್ನು ‘ಲರ್ನಿಂಗ್ ಅಗ್ರಿಮೆಂಟ್’ನಲ್ಲಿ ಬರೆಸಿ ಸಹಿ ಹಾಕಿಸದಿದ್ದರೆ, ವಾಪಸ್ ಬಂದು ಅದೇ ಪರೀಕ್ಷೆ ಮತ್ತೆ ಬರೆಯಬೇಕಾದೀತು.

ಎರಡು, ಹಣ. ಸಾಮಾನ್ಯವಾಗಿ ಫೀಸು ಇಲ್ಲಿನ ಕಾಲೇಜಿಗೇ ಕಟ್ಟುವುದು. ಬಾಡಿಗೆ, ಊಟ, ಆರೋಗ್ಯ ವಿಮೆ ಬೇರೆ.

ಮೂರು, ವೀಸಾ. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಸಾಮಾನ್ಯವಾಗಿ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ, ಅಂದರೆ 182 ದಿನ. ಯುಎಇಯ ಮಾಮೂಲಿ ರೆಸಿಡೆನ್ಸ್ ವೀಸಾದವರು ಸತತ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವೀಸಾಕ್ಕೇ ಕುತ್ತು. ಕ್ರಿಸ್‌ಮಸ್ ರಜೆಯಲ್ಲಿ ಒಮ್ಮೆ ಬಂದುಹೋದರೆ ಎಣಿಕೆ ಮತ್ತೆ ಮೊದಲಿಂದ. ಅಮ್ಮನ ಕೈಯಡುಗೆಯೂ ಸಿಕ್ಕಂತಾಯಿತು.