ಇಲ್ಯಾನ ಹಬ್ಬವೂ ಹುಲ್ಲಿನ ಬಣವೆಯೂ

ರಷ್ಯಾದ ಹಳ್ಳಿಗಳಲ್ಲಿ ಆಗಸ್ಟ್ 2 ಇಲ್ಯಾನ ಹಬ್ಬ. ಇಲ್ಯಾ ಎಂದರೆ ಬೈಬಲಿನ ಪ್ರವಾದಿ ಎಲೀಯ. ಹಳೆಯ ಜೂಲಿಯನ್ ಪಂಚಾಂಗದಂತೆ ಇದು ಜುಲೈ 20ರ ಹಬ್ಬ. 1918ರಲ್ಲಿ ಅಲ್ಲಿನ ಸರ್ಕಾರ ಹೊಸ ಪಂಚಾಂಗವನ್ನು ಜಾರಿಗೆ ತಂದಿತು. ಚರ್ಚು ಹಳೆಯದನ್ನೇ ಉಳಿಸಿಕೊಂಡಿತು. ಆದುದರಿಂದ ಈಗ 13 ದಿನಗಳ ವ್ಯತ್ಯಾಸವಿದೆ. ಈ ಹಬ್ಬಕ್ಕೆ ಅಂಟಿಕೊಂಡ ಮಳೆ-ಬಿಸಿಲಿನ ನಂಬಿಕೆಗಳನ್ನು ನಮ್ಮ ಸದಸ್ಯ ಬಾಂಧವರಿಗೆ ತಿಳಿಸಬಯಸುತ್ತೇವೆ.

ಎಲೀಯನು ಬೆಂಕಿಯ ರಥದಲ್ಲಿ ಸ್ವರ್ಗಕ್ಕೆ ಹೋದನೆಂದು ಬೈಬಲ್ ಹೇಳುತ್ತದೆ. ಆ ರಥದ ಸದ್ದೇ ಗುಡುಗು ಎಂದು ರಷ್ಯಾದ ಹಳ್ಳಿಗರು ನಂಬಿದರು. ಕ್ರೈಸ್ತಮತ ಬರುವ ಮೊದಲು ಅಲ್ಲಿ ಪೂಜೆಗೊಳ್ಳುತ್ತಿದ್ದ ಗುಡುಗಿನ ದೇವತೆ ಪೆರೂನನ ಗುಣಗಳು ಇಲ್ಯಾನಿಗೆ ಬಂದಿವೆಯೆಂದು ವಿದ್ವಾಂಸರ ಅಭಿಪ್ರಾಯ.

ಹಬ್ಬದ ದಿನ ಹೊಲದ ಕೆಲಸ ನಿಷಿದ್ಧ. ಅಂದು ಹುಲ್ಲಿನ ಬಣವೆ ಒಟ್ಟಿದರೆ ಸಿಡಿಲು ಬಡಿದು ಸುಟ್ಟುಹೋಗುವುದೆಂಬ ಭಯ. ಈ ಭಯ ಸಣ್ಣದಲ್ಲ. ಅಲ್ಲಿನ ಚಳಿಗಾಲದಲ್ಲಿ ದನಗಳು ಆರೇಳು ತಿಂಗಳು ಕೊಟ್ಟಿಗೆಯಲ್ಲೇ ಇರಬೇಕು. ಬಣವೆ ಹೋದರೆ ದನವೂ ಹೋದಂತೆ.

ಇಲ್ಯಾನ ಹಬ್ಬಕ್ಕೆ ಮುಂಚಿನ ಒಣಹುಲ್ಲಿನಲ್ಲಿ ಒಂದು ಪೂದ್ ಜೇನು, ಆಮೇಲಿನದರಲ್ಲಿ ಒಂದು ಪೂದ್ ಗೊಬ್ಬರ ಎಂಬ ಅರ್ಥದ ಗಾದೆಯೊಂದು ಅಲ್ಲಿದೆ. ಪೂದ್ ಎಂದರೆ ಸುಮಾರು 16 ಕಿಲೋ. ಈ ಮಾತಿನಲ್ಲಿ ತಿರುಳಿದೆ. ಹೂ ಬಿಟ್ಟು ಬೀಜ ಕಟ್ಟಿದ ಮೇಲೆ ಹುಲ್ಲಿನಲ್ಲಿ ನಾರು ಹೆಚ್ಚುತ್ತದೆ, ಪ್ರೋಟೀನ್ ತಗ್ಗುತ್ತದೆ. ದನಕ್ಕೆ ಅದು ಸುಲಭವಾಗಿ ಜೀರ್ಣವಾಗದು.

ಹಬ್ಬದ ನಂತರ ನದಿ, ಕೆರೆಗಳಲ್ಲಿ ಈಜಬಾರದೆಂಬ ಕಟ್ಟಳೆಯೂ ಉಂಟು. ಜಿಂಕೆಯೊಂದು ನೀರಿನಲ್ಲಿ ಗೊರಸು ಅದ್ದಿದ್ದರಿಂದ ನೀರು ತಣ್ಣಗಾಯಿತೆಂದು ಕಥೆ. ನಿಜ ಕಾರಣ ಬೇರೆ. ಮಾಸ್ಕೋದಲ್ಲಿ ಜೂನ್ ಕೊನೆಯ ಭಾಗದಲ್ಲಿ ಹಗಲು ಸುಮಾರು 17½ ಗಂಟೆ; ಆಗಸ್ಟ್ ಮೊದಲಿಗೆ ಸುಮಾರು 16 ಗಂಟೆ. ರಾತ್ರಿ ಬೆಳೆದಂತೆ ನೀರಿನ ಬಿಸಿ ಇಳಿಯತೊಡಗುತ್ತದೆ. ಹಬ್ಬದ ದಿನ ಮಧ್ಯಾಹ್ನದ ಊಟದವರೆಗೆ ಬೇಸಿಗೆ, ಆಮೇಲೆ ಶರತ್ಕಾಲ ಎಂದು ಅಲ್ಲಿನವರು ಹೇಳುವುದೂ ಇದರಿಂದಲೇ.

ಅಂದು ಮಳೆ ಬಂದರೆ ಆರು ವಾರ ಮಳೆ, ಒಣಗಿದ್ದರೆ ಆರು ವಾರ ಒಣಹವೆ ಎಂಬುದು ಇನ್ನೊಂದು ಶಕುನ. ಇದನ್ನು ನೆಚ್ಚುವಂತಿಲ್ಲ. ಒಂದು ದಿನದ ಹವೆಯಿಂದ ಆರು ವಾರದ ಹವೆಯನ್ನು ತಿಳಿಯಲಾಗದು.

ಆದುದರಿಂದ ಇಂಥ ಮಾತುಗಳನ್ನು ಎರಡಾಗಿ ವಿಂಗಡಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಹುಲ್ಲು ಕೊಯ್ಯುವ ಗಡುವನ್ನು ಹೇಳುವ ಗಾದೆ ಹಲವು ತಲೆಮಾರುಗಳು ಕಂಡು ಉಂಡ ಅನುಭವ. ಮುಂದಿನ ಮಳೆಯನ್ನು ಹೇಳುವ ಶಕುನ ಬರಿಯ ಆಸೆ. ಮೊದಲನೆಯದನ್ನು ನಂಬಿದ ರೈತನ ದನಗಳಿಗೆ ಚಳಿಗಾಲದಲ್ಲಿ ಒಳ್ಳೆಯ ಮೇವು ಸಿಕ್ಕಿತು.