ಖಿನ್ನತೆ ಕುಗ್ಗಿಸಿದ ಗಮನ, ಮತ್ತೆ ಏಳುವ ಅಲೆ

ಟೊಮೆಟೊ ದರ ಬಿದ್ದ ವಾರ ಕೋಲಾರದ ಎಪಿಎಂಸಿಯಲ್ಲಿ ಬೇಸರ ಯಾರಿಗಿಲ್ಲ? ಮುಂದಿನ ಬೆಳೆಯ ಹೊತ್ತಿಗೆ ಅದು ಕರಗಿದರೆ ಚಿಂತೆಯಿಲ್ಲ. ಎರಡು ವಾರ ಕಳೆದರೂ ನಿದ್ದೆ ಬಾರದೆ, ಊಟ ಸೇರದೆ, ತಲೆಯಲ್ಲಿ ಅದೇ ಸಾಲ, ಅದೇ ಸೋಲು ಸುತ್ತುತ್ತಿದ್ದರೆ ಖಿನ್ನತೆ ಇರಬಹುದು. ಎದುರಿಗಿದ್ದವರ ಮಾತು ಕಿವಿಗೆ ಬೀಳುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ. ಮನೆಯವರು ಸೋಮಾರಿತನ ಎನ್ನುತ್ತಾರೆ. ಆ ಮಾತು ಎಷ್ಟು ತಪ್ಪು ಎಂಬುದನ್ನು ಮಿದುಳಿನಲ್ಲೇ ಅಳೆದು ನೋಡಬಹುದು.

ಅಂಥ ಅಳತೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಆಗಿದೆ. ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಒಂದೇ ಬಗೆಯ ಸದ್ದು ಕೇಳಿಸುತ್ತಾ ನಡುನಡುವೆ ಬೇರೊಂದು ಸದ್ದು ತೂರಿಸುತ್ತಾರೆ. ಗಮನವಿಟ್ಟು ಕೇಳಿದವರ ಮಿದುಳಿನಲ್ಲಿ ಆ ಬೇರೆ ಸದ್ದು ಬಿದ್ದ ಸುಮಾರು 300 ಮಿಲಿಸೆಕೆಂಡಿನ ನಂತರ ಒಂದು ಅಲೆ ಏಳುತ್ತದೆ. ಅದರ ಹೆಸರು ಪಿ300. ಖಿನ್ನತೆಯಲ್ಲಿ ಈ ಅಲೆ ತಗ್ಗುವುದುಂಟು. ನಾಗವೆಂಕಟೇಶ ಮೂರ್ತಿ, ಬಿ.ಎನ್. ಗಂಗಾಧರ್, ಎನ್. ಜಾನಕಿರಾಮಯ್ಯ ಮತ್ತು ಡಿ.ಕೆ. ಸುಬ್ಬಕೃಷ್ಣ 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವರ್ಷಗಟ್ಟಲೆ ಎಳೆಯುವ ಡಿಸ್ತೈಮಿಯಾ ಎಂಬ ಖಿನ್ನತೆ ಇದ್ದವರು ಸುದರ್ಶನ ಕ್ರಿಯೆಯ ಉಸಿರಾಟವನ್ನು ಅಭ್ಯಾಸ ಮಾಡಿದ ಮೇಲೆ ಅವರ ಅಲೆ ಸಹಜ ಮಟ್ಟಕ್ಕೆ ಏರಿತ್ತು. ಕಾಣದ ಕಾಯಿಲೆಗೆ ಕಾಣುವ ಗುರುತು ಸಿಕ್ಕಿದ್ದು ನನಗೆ ದೊಡ್ಡ ಮಾತು.

ಅಮೆರಿಕದ ಪ್ರಿನ್ಸ್‌ಟನ್‌ನ ಸಂಶೋಧಕರು ಮುಂದೆ ಖಿನ್ನತೆ ಇದ್ದವರ ಗಮನಕ್ಕೇ ಎಂಆರ್‌ಐ ಒಳಗೆ ತರಬೇತಿ ಕೊಟ್ಟರು. ದೃಶ್ಯವೊಂದರ ಮೇಲೆ ದುಃಖದ ಮುಖ ಹಾಸಿರುತ್ತದೆ. ಗಮನ ಮುಖದತ್ತ ಜಾರಿದರೆ ಮುಖ ಇನ್ನೂ ದಟ್ಟವಾಗುತ್ತದೆ. ಜಾರಿದ್ದು ಗೊತ್ತಾಗಿ ರೋಗಿ ಮನಸ್ಸನ್ನು ಮರಳಿ ದೃಶ್ಯಕ್ಕೆ ಎಳೆದು ತರಬೇಕು. ಚೆನ್ನಾದ ಉಪಾಯ, ಆದರೆ ದುಬಾರಿ.

ಉಸಿರಾಟದ ಅಭ್ಯಾಸದಿಂದ ಅಲೆ ಏರಿತೆಂದು ಮಾತ್ರೆ ಬಿಟ್ಟು ಉಸಿರು ಹಿಡಿದು ಕೂರಬೇಡಿ. ತೀವ್ರ ಖಿನ್ನತೆಯಿಂದ ಆಸ್ಪತ್ರೆ ಸೇರಿದ್ದ 45 ಮಂದಿಯ ಮೇಲೆ ನಿಮ್ಹಾನ್ಸ್ ನಡೆಸಿ 2000ದಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ವಿದ್ಯುತ್ ಚಿಕಿತ್ಸೆ ಪಡೆದವರಲ್ಲಿ ಶೇ 93, ಇಮಿಪ್ರಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ 73, ಸುದರ್ಶನ ಕ್ರಿಯೆ ಮಾಡಿದವರಲ್ಲಿ ಶೇ 67 ಮಂದಿ ಗುಣ ಕಂಡರು. ಗುಂಪುಗಳು ಸಣ್ಣವು, ಆದರೂ ಅಭ್ಯಾಸವನ್ನು ಚಿಕಿತ್ಸೆಯ ಜೊತೆಗೆ ಇಟ್ಟುಕೊಳ್ಳಲು ಇಷ್ಟು ಸಾಕು.

ಕೋಲಾರ ಜಿಲ್ಲೆಯಲ್ಲಿ ಮಾಲೂರಿನವರಿಗೆ ಬೆಂಗಳೂರಿನ ರೈಲಿದೆ. ರೈಲೇ ಇಲ್ಲದ ಮುಳಬಾಗಿಲಿನಿಂದ, ಶ್ರೀನಿವಾಸಪುರದ ಮಾವಿನ ತೋಟಗಳಿಂದ ನಿಮ್ಹಾನ್ಸ್‌ಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗಲೆಂದೇ ರಾಜ್ಯ ಸರ್ಕಾರ ಮನೋಚೈತನ್ಯ ಯೋಜನೆ ತಂದಿದೆ. ಅಲ್ಲಿ ಮಾತ್ರೆ ಚೀಟಿಯ ಜೊತೆ ಗಮನದ ಅಭ್ಯಾಸ ಕಲಿಸುವವರೊಬ್ಬರೂ ಕೂರಬೇಕು. ಅದಕ್ಕೆ ಎಂಆರ್‌ಐ ಬೇಡ, ಒಂದು ಕೋಣೆ ಸಾಕು. ಸಾಯುವ ಯೋಚನೆ ಬರುತ್ತಿದ್ದರೆ ಮಂಗಳವಾರದವರೆಗೆ ಕಾಯಬಾರದು. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು.