ಬೆಂಕಿ ಹಚ್ಚಿ ಎಬ್ಬಿಸುವ ಎಂಜಿನ್

ಹಳೆಯ ಕಾಲುವೆ ದೋಣಿಗಳ ಬೋಲಿಂಡರ್ ಎಂಜಿನ್ನಿಗೆ ಬ್ಯಾಟರಿ ಇಲ್ಲ, ಸ್ಟಾರ್ಟರ್ ಮೋಟಾರ್ ಇಲ್ಲ, ಸ್ಪಾರ್ಕ್ ಪ್ಲಗ್ಗೂ ಇಲ್ಲ. ಅದನ್ನು ಎಬ್ಬಿಸಬೇಕಾದರೆ ಮೊದಲು ಬೆಂಕಿ ಹಚ್ಚಬೇಕು. ಸಿಲಿಂಡರಿನ ನೆತ್ತಿಯ ಮೇಲೆ ಎರಕದ ಕಬ್ಬಿಣದ ಪೊಳ್ಳು ಬುರುಡೆಯೊಂದಿದೆ. ಅದಕ್ಕೆ ಬ್ಲೋಲ್ಯಾಂಪಿನ ಜ್ವಾಲೆ ತಾಗಿಸಿ ಹತ್ತು ಹದಿನೈದು ನಿಮಿಷ ಕಾಯಬೇಕು. ದೋಣಿಯವನು ಆ ಹೊತ್ತಿನಲ್ಲಿ ಸುಮ್ಮನೆ ಕೂರುವುದಿಲ್ಲ. ಎಣ್ಣೆಬಟ್ಟಲುಗಳನ್ನು ತುಂಬುತ್ತಾನೆ, ಬೇರಿಂಗುಗಳಿಗೆ ಹನಿ ಇಳಿಯುತ್ತಿದೆಯೇ ಎಂದು ಬಗ್ಗಿ ನೋಡುತ್ತಾನೆ, ಇಂಧನದ ಕೊಳವೆಯಲ್ಲಿ ಗಾಳಿ ಸೇರಿದ್ದರೆ ಹೊರಗೆ ಬಿಡುತ್ತಾನೆ. ಬುರುಡೆ ಮಂದ ಕೆಂಪಿಗೆ ತಿರುಗಿತೆಂದರೆ ಎಂಜಿನ್ ಸಿದ್ಧ.

ಮುಂದಿನದು ಕಾಲಿನ ಕೆಲಸ. ಭಾರಿ ಫ್ಲೈವೀಲಿನ ಅಂಚಿನಲ್ಲಿ ಸ್ಪ್ರಿಂಗ್ ಇರುವ ಗೂಟವೊಂದಿದೆ. ಅದನ್ನು ಹೊರಗೆಳೆದು, ಅದರ ಮೇಲೆ ಬೂಟುಗಾಲಿಟ್ಟು ಒದೆಯಬೇಕು. ಚಕ್ರ ಪೂರ್ತಿ ಸುತ್ತು ಹಾಕಬೇಕೆಂದಿಲ್ಲ. ಪಿಸ್ಟನ್ ಮೇಲೇರಿ, ಒಳಗಿನ ಗಾಳಿಯನ್ನು ಒತ್ತಿ, ಆ ಒತ್ತಡಕ್ಕೆ ಹಿಂದಕ್ಕೆ ಪುಟಿದರೆ ಸಾಕು. ಆ ಗಳಿಗೆಗೆ ಸರಿಯಾಗಿ ಕೈಪಂಪಿನಿಂದ ಒಂದು ಚಿಮುಕು ಎಣ್ಣೆಯನ್ನು ಒಳಗೆ ಬಿಡಬೇಕು. ಎಣ್ಣೆ ಕೆಂಪು ಕಬ್ಬಿಣಕ್ಕೆ ತಾಗಿ ಹೊತ್ತಿಕೊಳ್ಳುತ್ತದೆ, ಚಕ್ರ ಧಡ್ ಎಂದು ಹೊರಳುತ್ತದೆ, ಕಾಲು ತೆಗೆದ ಕೂಡಲೇ ಗೂಟ ಒಳಕ್ಕೆ ಸರಿಯುತ್ತದೆ. ಕಾಲೆಳೆದುಕೊಳ್ಳಲು ತಡಮಾಡಿದರೆ ಮೂಳೆ ಮುರಿಯುವಷ್ಟು ಬಲ ಆ ಚಕ್ರಕ್ಕಿದೆ. ಹಾಗಾಗಿಯೇ ಹಳೆಯ ಎಂಜಿನ್ ನಡೆಸುವವರು ಹೊಸಬರ ಕೈಗೆ ಬ್ಲೋಲ್ಯಾಂಪನ್ನು ಮೊದಲ ದಿನವೇ ಕೊಟ್ಟರೂ ಗೂಟವನ್ನು ಒದೆಯಲು ಬಿಡುವುದು ಬಹಳ ತಡವಾಗಿ.

ಲಂಡನ್ನಿನ ವಾಯವ್ಯಕ್ಕಿರುವ ಪಾರ್ಕ್ ರಾಯಲ್‌ನ ಕಾಲುವೆಯಲ್ಲಿ ಇಂಥ ಎಂಜಿನ್ ಹೊತ್ತ ಹಳೆಯ ಸರಕು ದೋಣಿಗಳು ಇಂದಿಗೂ ಆಗೀಗ ಹಾದುಹೋಗುತ್ತವೆ. ಪಾರ್ಕ್ ರಾಯಲ್ ಎಂದರೆ ಹೆಚ್ಚಿನವರಿಗೆ ಗೋದಾಮು, ಬೇಕರಿ, ಲಾರಿಗಳ ಸಾಲು. 1903ರಲ್ಲಿ ರಾಯಲ್ ಅಗ್ರಿಕಲ್ಚರಲ್ ಸೊಸೈಟಿ ತನ್ನ ಕೃಷಿಮೇಳಕ್ಕೆ ಇಲ್ಲಿ ಕಾಯಂ ಮೈದಾನ ಮಾಡಿಕೊಂಡಿತು, ಊರಿಗೆ ಹೆಸರು ಬಂದದ್ದು ಅದರಿಂದ. ಮೇಳ ಮೂರೇ ವರ್ಷಕ್ಕೆ ನಿಂತಿತು. ಮೊದಲ ಮಹಾಯುದ್ಧದ ಕಾಲಕ್ಕೆ ಮದ್ದುಗುಂಡಿನ ಕಾರ್ಖಾನೆಗಳು ಬಂದವು. ಆಮೇಲೆ ಅಂಚಿನ ಹಾರ್ಲ್ಸ್‌ಡನ್‌ನಲ್ಲಿ ಹೈಂಜ್ ಆಹಾರ ಕಾರ್ಖಾನೆ, 1936ರಲ್ಲಿ ಗಿನ್ನೆಸ್ ಬಿಯರ್ ಕಾರ್ಖಾನೆ. ಗಿನ್ನೆಸ್ 2005ರಲ್ಲಿ ಮುಚ್ಚಿತು. ಇವೆಲ್ಲಕ್ಕಿಂತ ಹಳೆಯದು ಕಾಲುವೆ. ಬುಲ್ಸ್ ಬ್ರಿಜ್‌ನಿಂದ ಪ್ಯಾಡಿಂಗ್ಟನ್‌ವರೆಗಿನ, ಗ್ರ್ಯಾಂಡ್ ಯೂನಿಯನ್ ಕಾಲುವೆಯ ಈ ಕವಲು ತೆರೆದದ್ದು 1801ರ ಜುಲೈ 10ರಂದು. ವೆಂಬ್ಲಿ, ಆಲ್ಪರ್ಟನ್ ಕಡೆ ದಿನಸಿಗೆ ಹೋಗುವ ನಮ್ಮ ಕನ್ನಡದ ಮನೆಗಳವರು ಈ ನೀರನ್ನು ಎಷ್ಟೋ ಸಲ ದಾಟಿರುತ್ತಾರೆ. ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ ಕಾರು ಓಡಿಸುವವರಂತೂ ಮೇಲ್ಗಾಲುವೆಯ ಅಡಿಯಲ್ಲೇ ಹಾದುಹೋಗುತ್ತಾರೆ. ಅವರ ತಲೆಯ ಮೇಲೆ ದೋಣಿ ತೇಲುತ್ತಿರುತ್ತದೆ.

ಸುಮಾರು 22 ಕಿಲೋಮೀಟರ್ ಉದ್ದದ ಈ ಕವಲಿನಲ್ಲಿ ಲಾಕ್ ಒಂದೂ ಇಲ್ಲ. ನೀರನ್ನು ಏರಿಸಿ ಇಳಿಸುವ ಕಟ್ಟೆಬಾಗಿಲುಗಳಿಲ್ಲದೆ, ಪಶ್ಚಿಮದ ಕೌಲಿ ಲಾಕ್‌ನಿಂದ ಪೂರ್ವದ ಕ್ಯಾಮ್ಡನ್‌ವರೆಗೂ ನೀರು ಒಂದೇ ಮಟ್ಟದಲ್ಲಿ ನಿಂತಿದೆ. ಹರಿವಿಲ್ಲದ ನೀರು, ಆದ್ದರಿಂದ ನದಿಗಿಂತ ಇದಕ್ಕೆ ಸರೋವರದ ನಂಟು ಹೆಚ್ಚು. ಆದರೆ ಉತ್ತರ ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರ ಸುಮಾರು 17 ಕಿಲೋಮೀಟರ್ ಉದ್ದ, 60 ಮೀಟರಿಗೂ ಮಿಕ್ಕಿ ಆಳ. ಅಲ್ಲಿ ರಿಪೇರಿ ಮಾಡಿದ ಹಳೆಯ ಮೋಟಾರ್ ದೋಣಿಯನ್ನು ಇಳಿಸಿದರೆ ಸುತ್ತಲೂ ನೀರೇ ನೀರು. ಇಲ್ಲಿ ಆಳ ಹೆಚ್ಚೆಂದರೆ ಎದೆಮಟ್ಟ. ದೋಣಿಯ ಎಂಜಿನ್ನು ಹೇಗಿರಬೇಕೆಂಬುದನ್ನು ಈ ಎದೆಮಟ್ಟದ ನೀರೇ ತೀರ್ಮಾನಿಸಿದೆ. ಅದು ಹೇಗೆಂದು ತಿಳಿಯದೆ ಬೋಲಿಂಡರನ್ನು ನೋಡಿದರೆ ಯಾವುದೋ ಕಾಲದ ಒರಟು ಯಂತ್ರ ಎನ್ನಿಸೀತು.

ಆಳದ ನೀರಿನಲ್ಲಿ ದೋಣಿ ತಾನೇ ಎಬ್ಬಿಸಿದ ಅಲೆಯ ಮೇಲೆ ಸಾಗುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯ ಉದ್ದವೂ ಹೆಚ್ಚುತ್ತದೆ. ಅಲೆಯ ಉದ್ದ ದೋಣಿಯ ಉದ್ದವನ್ನು ಮೀರತೊಡಗಿದಾಗ ಮೂತಿ ಒಂದು ಶಿಖರದ ಮೇಲೆ, ಹಿಂಭಾಗ ತಗ್ಗಿನಲ್ಲಿ ಸಿಕ್ಕಿಕೊಂಡು, ದೋಣಿ ಸದಾ ಏರು ಹತ್ತಬೇಕಾಗುತ್ತದೆ. ಗ್ರ್ಯಾಂಡ್ ಯೂನಿಯನ್ ಕಾಲುವೆಯ ಸರಕು ದೋಣಿಯ ಉದ್ದ ಸುಮಾರು 21.8 ಮೀಟರ್, ಅಗಲ ಬರೀ 2.1 ಮೀಟರ್. ಲೆಕ್ಕದ ಪ್ರಕಾರ ಆಳದ ಸರೋವರದಲ್ಲಿ ಇಷ್ಟು ಉದ್ದದ ದೋಣಿ ಗಂಟೆಗೆ 20 ಕಿಲೋಮೀಟರ್ ಮುಟ್ಟುವವರೆಗೂ ಈ ಏರು ಅಡ್ಡ ಬರುವುದಿಲ್ಲ. ಕಾಲುವೆಯಲ್ಲಿ ಕಥೆಯೇ ಬೇರೆ. ಸರಕು ತುಂಬಿದ ದೋಣಿ ಕಾಲುವೆಯ ಅಡ್ಡಳತೆಯಲ್ಲಿ ದೊಡ್ಡ ಪಾಲನ್ನೇ ತುಂಬಿಬಿಡುತ್ತದೆ. ಅದು ಮುಂದೆ ಹೋದಂತೆ, ಅದರ ಜಾಗಕ್ಕೆ ಬರಬೇಕಾದ ನೀರು ಪಕ್ಕದ ಇಕ್ಕಟ್ಟಿನಲ್ಲಿ ಹಿಂದಕ್ಕೆ ನುಗ್ಗಬೇಕು. ನುಗ್ಗುವ ನೀರಿನಲ್ಲಿ ಒತ್ತಡ ಕಡಿಮೆ, ಆದ್ದರಿಂದ ನೀರಿನ ಮಟ್ಟ ಕುಸಿಯುತ್ತದೆ, ಅದರೊಂದಿಗೆ ದೋಣಿಯ ಹಿಂಭಾಗವೂ ಕೆಸರಿನತ್ತ ಕೂರುತ್ತದೆ. ದಡದಲ್ಲಿ ನಿಂತರೆ ಇದನ್ನು ಕಣ್ಣಾರೆ ಕಾಣಬಹುದು. ದೋಣಿ ಹತ್ತಿರ ಬರುತ್ತಿದ್ದಂತೆ ಜೊಂಡಿನ ಬುಡದ ನೀರು ಹೀರಿದ ಹಾಗೆ ಕೆಳಗಿಳಿದು, ಕಪ್ಪು ಮಣ್ಣು ಒಂದು ಗಳಿಗೆ ಬಯಲಾಗಿ, ದೋಣಿ ದಾಟಿದ ಮೇಲೆ ಮತ್ತೆ ಮುಚ್ಚಿಹೋಗುತ್ತದೆ. ಎಕ್ಸಲರೇಟರ್ ಒತ್ತಿದಷ್ಟೂ ದೋಣಿ ಕೂರುತ್ತದೆಯೇ ಹೊರತು ಓಡುವುದಿಲ್ಲ. ದಡವೂ ಕೊರೆದುಹೋಗುತ್ತದೆ. ಇಲ್ಲಿನ ವೇಗಮಿತಿ ಗಂಟೆಗೆ 4 ಮೈಲಿ, ಅಂದರೆ 6.4 ಕಿಲೋಮೀಟರ್. ಆ ಮಿತಿ ಬರುವ ಮೊದಲೇ ನೀರು ತನ್ನ ಮಿತಿಯನ್ನು ಹೇಳಿರುತ್ತದೆ.

ಇಂಥದೇ ಇಕ್ಕಟ್ಟಿನಲ್ಲಿ ವಿಜ್ಞಾನಕ್ಕೆ ಒಂದು ದೊಡ್ಡ ಬಹುಮಾನ ಸಿಕ್ಕಿತು. 1834ರ ಆಗಸ್ಟಿನಲ್ಲಿ ಎಡಿನ್‌ಬರೊ ಹತ್ತಿರದ ಯೂನಿಯನ್ ಕಾಲುವೆಯಲ್ಲಿ ಕುದುರೆಗಳು ಎಳೆಯುತ್ತಿದ್ದ ದೋಣಿಯೊಂದು ತಟ್ಟನೆ ನಿಂತಾಗ, ಅದರ ಮೂತಿಯಲ್ಲಿ ಕಲೆತಿದ್ದ ನೀರು ದುಂಡನೆಯ ಒಂಟಿ ಅಲೆಯಾಗಿ ಮುಂದಕ್ಕೆ ಹೊರಟಿತು. ಜಾನ್ ಸ್ಕಾಟ್ ರಸೆಲ್ ಎಂಬ ಯುವ ಎಂಜಿನಿಯರ್ ಕುದುರೆಯೇರಿ ಅದರ ಬೆನ್ನುಹತ್ತಿದ. ಗಂಟೆಗೆ ಎಂಟೊಂಬತ್ತು ಮೈಲಿ ವೇಗದಲ್ಲಿ, ಆಕಾರ ಕೆಡಿಸಿಕೊಳ್ಳದೆ, ಅದು ಒಂದೆರಡು ಮೈಲಿ ಸಾಗಿತು. ದೋಣಿಯಿಂದ ಕಳಚಿಕೊಂಡ ಅಲೆಯೊಂದು ಚದುರದೆ ಹಾಗೆ ಉಳಿಯುವುದನ್ನು ಅಂದಿನ ಗಣಿತ ಒಪ್ಪುತ್ತಿರಲಿಲ್ಲ. 1895ರಲ್ಲಿ ಕೋರ್ಟ್‌ವೆಗ್ ಮತ್ತು ಡಿ ವ್ರೀಸ್ ಎಂಬ ಡಚ್ಚರು ಅದಕ್ಕೆ ಸಮೀಕರಣ ಕೊಟ್ಟರು. 1965ರಲ್ಲಿ ಅಂಥ ಅಲೆಗೆ ಸಾಲಿಟಾನ್ ಎಂಬ ಹೆಸರು ಬಂತು, ಇಂದು ಬೆಳಕಿನ ತಂತುಗಳ ವಿಜ್ಞಾನದಲ್ಲೂ ಅದಕ್ಕೆ ಸ್ಥಾನವಿದೆ. ಕಾಲುವೆ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಈ ಕುದುರೆ ಸವಾರನ ನೆನಪಾಗುತ್ತದೆ.

ಮತ್ತೆ ಎಂಜಿನ್ನಿಗೆ ಬರೋಣ. ಓಡಲಾಗದ ನೀರಿನಲ್ಲಿ ಭಾರ ಎಳೆಯಬೇಕು. ಪ್ರೊಪೆಲರ್ ಮಾಡುವ ಕೆಲಸವೆಂದರೆ ನೀರನ್ನು ಹಿಂದಕ್ಕೆ ತಳ್ಳುವುದು. ಸ್ವಲ್ಪ ನೀರನ್ನು ಬಿರುಸಾಗಿ ತಳ್ಳಬಹುದು, ಬಹಳಷ್ಟು ನೀರನ್ನು ಮೆಲ್ಲಗೆ ತಳ್ಳಬಹುದು, ಸಿಗುವ ನೂಕುಬಲ ಎರಡರಲ್ಲೂ ಒಂದೇ ಇರಬಹುದು. ಆದರೆ ಹಿಂದೆ ಬಿಟ್ಟ ನೀರಿನಲ್ಲಿ ಪೋಲಾಗುವ ಶಕ್ತಿ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎರಡು ಪಟ್ಟು ನೀರನ್ನು ಅರ್ಧ ವೇಗದಲ್ಲಿ ತಳ್ಳಿದರೆ ಪೋಲು ಅರ್ಧಕ್ಕಿಳಿಯುತ್ತದೆ. ಹಾಗಾದರೆ ಬೇಕಾದದ್ದು ಕಾಲುವೆಯ ಆಳ ಬಿಟ್ಟುಕೊಡುವಷ್ಟು ದೊಡ್ಡ ಪ್ರೊಪೆಲರ್, ಅದನ್ನು ಸಾವಧಾನವಾಗಿ ತಿರುಗಿಸುವ ಎಂಜಿನ್. ಬೋಲಿಂಡರ್ ತಿರುಗುವುದು ನಿಮಿಷಕ್ಕೆ 400ರ ಆಸುಪಾಸಿನಲ್ಲಿ. ನಡುವೆ ಗೇರ್‌ಬಾಕ್ಸ್ ಇಲ್ಲ. ಕಾಲುವೆ ದೋಣಿಗಳಲ್ಲಿ ಹೆಸರಾದ ಮಾದರಿಯ ಬಲ 15 ಅಶ್ವಶಕ್ತಿ, ನಮ್ಮ 350 ಸಿ.ಸಿ. ಬುಲೆಟ್ ಬೈಕಿಗಿಂತ ಕಡಿಮೆ. ಅಷ್ಟರಲ್ಲೇ ದೋಣಿ ತನ್ನ ಹೊಟ್ಟೆಯ ಸರಕನ್ನೂ, ಹಗ್ಗ ಕಟ್ಟಿದ ಎಂಜಿನ್ ಇಲ್ಲದ ಜೊತೆದೋಣಿಯ ಸರಕನ್ನೂ, ಒಟ್ಟು 50 ಟನ್ನಿನಷ್ಟು ಭಾರವನ್ನು ಲಂಡನ್ನಿಗೆ ಎಳೆದು ತರುತ್ತಿತ್ತು.

ಬುರುಡೆ ಕಾಯಿಸುವ ಉಪಾಯ ಇಂಗ್ಲೆಂಡಿನದೇ. ಹರ್ಬರ್ಟ್ ಅಕ್ರಾಯ್ಡ್ ಸ್ಟುಅರ್ಟ್ ಬ್ಲೆಚ್ಲಿಯಲ್ಲಿ ಪ್ರಯೋಗ ನಡೆಸಿ 1890ರಲ್ಲಿ ಪೇಟೆಂಟ್ ಪಡೆದ. ಆ ಊರಿನ ಮಗ್ಗುಲಿನ ಫೆನ್ನಿ ಸ್ಟ್ರಾಟ್‌ಫರ್ಡ್‌ನಲ್ಲಿ ಹಾಯುವುದೂ ಇದೇ ಗ್ರ್ಯಾಂಡ್ ಯೂನಿಯನ್ ಕಾಲುವೆ. ಗ್ರಂಥಮ್ ಊರಿನ ಹಾರ್ನ್ಸ್‌ಬಿ ಕಂಪನಿ 1892ರಲ್ಲಿ ಅಂಥ ಎಂಜಿನ್ನುಗಳನ್ನು ಮಾರಾಟಕ್ಕಿಟ್ಟಿತು. ರುಡಾಲ್ಫ್ ಡೀಸೆಲ್‌ನ ಎಂಜಿನ್ ಯಶಸ್ವಿಯಾಗಿ ನಡೆದದ್ದು 1897ರಲ್ಲಿ. ಡೀಸೆಲ್ ಎಂಜಿನ್ನು ಗಾಳಿಯನ್ನು ಹದಿನೈದು ಇಪ್ಪತ್ತು ಪಟ್ಟು ಅಮುಕಿ, ಆ ಬಿಸಿಯಲ್ಲೇ ಎಣ್ಣೆ ಹೊತ್ತಿಸುತ್ತದೆ. ಅಷ್ಟು ಒತ್ತಡ ತಡೆಯುವ ಎರಕ, ಅಷ್ಟು ಒತ್ತಡಕ್ಕೆ ಎದುರಾಗಿ ಚಿಮ್ಮಿಸುವ ಪಂಪು ಆ ಕಾಲಕ್ಕೆ ದುಬಾರಿ. ಬಿಸಿಬುರುಡೆ ಎಂಜಿನ್ನು ಗಾಳಿಯನ್ನು ಅಲ್ಪಸ್ವಲ್ಪವೇ ಒತ್ತಿ, ಕೊರತೆ ಬಿದ್ದ ಬಿಸಿಯನ್ನು ಕೆಂಪು ಕಬ್ಬಿಣದಿಂದ ಪಡೆಯುತ್ತದೆ. ಒಮ್ಮೆ ನಡೆಯತೊಡಗಿದ ಮೇಲೆ ಒಳಗಿನ ಉರಿಯೇ ಬುರುಡೆಯನ್ನು ಕಾಯಿಸಿಡುತ್ತದೆ, ಬ್ಲೋಲ್ಯಾಂಪ್ ಆರಿಸಬಹುದು. ಸ್ಟಾಕ್‌ಹೋಮಿನ ಬೋಲಿಂಡರ್ ಕಾರ್ಖಾನೆ ಇದನ್ನು ಮೀನುಗಾರರ ದೋಣಿಗೂ ಸರಕು ದೋಣಿಗೂ ಹೊಂದಿಸಿತು. 1912ರಲ್ಲಿ ಫೆಲೋಸ್ ಮಾರ್ಟನ್ ಅಂಡ್ ಕ್ಲೇಟನ್ ಎಂಬ ಕಾಲುವೆ ಸಾಗಣೆ ಕಂಪನಿ ತನ್ನ ‘ಲಿಂಡಾ’ ದೋಣಿಗೆ ಅದನ್ನು ಕೂರಿಸಿತು. ಉಗಿದೋಣಿಗೆ ಬೇಕಿದ್ದ ಬಾಯ್ಲರು, ಕಲ್ಲಿದ್ದಲು, ಅದನ್ನು ಉರಿಸುವ ಆಳು ಯಾವುದೂ ಬೇಡವಾಗಿ ಸರಕಿಗೆ ಜಾಗ ಹೆಚ್ಚಿತು. ಅದೇ ಕಂಪನಿಯ 1909ರ ‘ಪ್ರೆಸಿಡೆಂಟ್’ ಎಂಬ ಉಗಿದೋಣಿಯ ಉಗಿಯಂತ್ರ ಕಿತ್ತು 1925ರಲ್ಲಿ ಬೋಲಿಂಡರ್ ಇಟ್ಟರು. ಈಗ ಅದಕ್ಕೆ ಮತ್ತೆ ಉಗಿಯಂತ್ರವನ್ನೇ ಕೂರಿಸಿ ಕಾಪಾಡಿಕೊಂಡು ಬಂದಿದ್ದಾರೆ.

ಬೋಲಿಂಡರಿನಲ್ಲಿ ನನಗೆ ಎಲ್ಲಕ್ಕಿಂತ ಸೊಗಸೆನ್ನಿಸುವುದು ಅದು ಹಿಂದಕ್ಕೆ ಹೋಗುವ ಬಗೆ. ಗೇರ್ ಇಲ್ಲದ ಮೇಲೆ ಪ್ರೊಪೆಲರನ್ನು ಹಿಂದಕ್ಕೆ ತಿರುಗಿಸಲು ಎಂಜಿನ್ನೇ ಹಿಂದಕ್ಕೆ ತಿರುಗಬೇಕು. ಇದು ಟೂ ಸ್ಟ್ರೋಕ್ ಯಂತ್ರ. ಗಾಳಿ ಒಳಬರುವುದೂ ಹೊಗೆ ಹೊರಹೋಗುವುದೂ ಸಿಲಿಂಡರ್ ಗೋಡೆಯ ಕಿಂಡಿಗಳಿಂದ, ಪಿಸ್ಟನ್ನೇ ಅವುಗಳ ಬಾಗಿಲು. ಹೀಗಾಗಿ ಯಾವ ದಿಕ್ಕಿಗೆ ತಿರುಗಿದರೂ ಅದಕ್ಕೆ ಸಮ್ಮತವೇ. ದೋಣಿಯವನು ಎಣ್ಣೆ ಕಡಿಮೆ ಮಾಡಿ ಚಕ್ರವನ್ನು ಸಾಯುವ ಹಂತಕ್ಕೆ ತರುತ್ತಾನೆ. ಪಿಸ್ಟನ್ ಕೊನೆಯ ಉಸಿರಿನಲ್ಲಿ ಮೇಲೇರುತ್ತಿರುವಾಗ, ಅದು ತುದಿ ಮುಟ್ಟುವ ಮೊದಲೇ, ಎಣ್ಣೆ ಚಿಮ್ಮಿಸುತ್ತಾನೆ. ಹೊತ್ತಿದ ಎಣ್ಣೆ ಪಿಸ್ಟನ್ನನ್ನು ಬಂದ ದಾರಿಗೇ ಹಿಂದಕ್ಕೆ ತಳ್ಳುತ್ತದೆ. ಬೇಗ ಮಾಡಿದರೆ ಚಕ್ರ ಮುಂದಕ್ಕೇ ಹೋಗುತ್ತದೆ, ತಡಮಾಡಿದರೆ ಎಂಜಿನ್ ನಿಂತೇ ಹೋಗುತ್ತದೆ. ಎದುರಿಗೆ ಸೇತುವೆಯ ಕಲ್ಲುಗೋಡೆ, ಹಿಂದೆ 50 ಟನ್ ಭಾರ, ದೋಣಿಗೆ ಬ್ರೇಕ್ ಎಂಬುದಿಲ್ಲ. ಕಿವಿಯಿಂದ ಕಾಲ ಅಳೆಯುವ ಈ ವಿದ್ಯೆಯನ್ನು ಅಕ್ಷರ ಬಾರದ ದೋಣಿ ಕುಟುಂಬಗಳು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದವು. ನಾನು ಇದನ್ನು ಎಂಜಿನಿಯರಿಂಗ್ ಎಂದೇ ಕರೆಯುತ್ತೇನೆ.

ಅದರ ಸದ್ದಿಗೂ ಕಾರಣವಿದೆ. ವೇಗ ತುಸು ಹೆಚ್ಚಾದರೆ ಅದನ್ನು ಹತೋಟಿಯಲ್ಲಿಡುವ ಗವರ್ನರ್ ಒಂದು ಸಲದ ಎಣ್ಣೆಯನ್ನು ತಪ್ಪಿಸಿಬಿಡುತ್ತದೆ. ಅದಕ್ಕೇ ನಿಧಾನಕ್ಕೆ ನಡೆಯುವಾಗ ಟಕ್, ಟಕ್‌ಟಕ್, ಟಕ್ ಎಂದು ತಾಳ ಬಿಟ್ಟು ಹಿಡಿಯುತ್ತದೆ. ನಮ್ಮ ಹಳ್ಳಿಯ ಹಿಟ್ಟಿನ ಗಿರಣಿಗಳಲ್ಲಿ, ಕಬ್ಬಿನ ಗಾಣಗಳಲ್ಲಿ ದುಡಿದ ಲಿಸ್ಟರ್ ಮಾದರಿಯ ಎಂಜಿನ್ನಿನದು ಬೇರೆ ಹುಟ್ಟು. ಅದು 1929ರಲ್ಲಿ ಇಂಗ್ಲೆಂಡಿನ ಡರ್ಸ್ಲಿಯಿಂದ ಬಂದ ನಿಜವಾದ ಡೀಸೆಲ್, ಆಮೇಲೆ ರಾಜ್‌ಕೋಟ್‌ನ ಕಾರ್ಖಾನೆಗಳು ಅದನ್ನು ನಮ್ಮದಾಗಿಸಿಕೊಂಡವು. ಆದರೂ ನಿಮಿಷಕ್ಕೆ 650 ಸುತ್ತಿನ ಆ ನಿಧಾನ, ಆ ಭಾರಿ ಚಕ್ರ ಇದೇ ಮನೋಧರ್ಮದವು.

1930ರ ದಶಕದಲ್ಲಿ ಗ್ರ್ಯಾಂಡ್ ಯೂನಿಯನ್ ಕಂಪನಿ ಕಟ್ಟಿಸಿದ ದೊಡ್ಡ ದೋಣಿಪಡೆಗೆ ಎರಡು ಸಿಲಿಂಡರಿನ ರಸೆಲ್ ನ್ಯೂಬೆರಿ, ನ್ಯಾಷನಲ್ ಡೀಸೆಲ್‌ಗಳು ಬಂದವು, ಗೇರ್‌ಬಾಕ್ಸೂ ಬಂತು. 1948ರಲ್ಲಿ ಕಾಲುವೆಗಳು ಸರ್ಕಾರದ ಪಾಲಾದವು. ಸೌತಾಲ್‌ನ ಜಾಮ್ ಕಾರ್ಖಾನೆಗೆ ಕಲ್ಲಿದ್ದಲು ತರುತ್ತಿದ್ದ ದೋಣಿಗಳು 1970ರ ಅಕ್ಟೋಬರಿನಲ್ಲಿ ನಿಂತಾಗ ಈ ಭಾಗದ ಕಾಯಂ ದೂರಸಾಗಣೆ ಮುಗಿಯಿತು. ಪಡೆಯ ನೆಲೆಯಾಗಿದ್ದ ಬುಲ್ಸ್ ಬ್ರಿಜ್ ಡಿಪೋ ಇದ್ದ ಜಾಗದಲ್ಲಿ ಈಗ ಸೂಪರ್‌ಮಾರ್ಕೆಟ್ ಇದೆ.

ದೋಣಿಗಳನ್ನು ಉಳಿಸಿದವರು ಹವ್ಯಾಸಿಗಳು. ಅವರ ಕೆಲಸ ಬಣ್ಣ ಹೊಡೆಯುವುದಷ್ಟೇ ಆಗಿದ್ದರೆ ಸುಲಭವಿತ್ತು. ಕಾಯಿಸಿ ತಣಿಸಿ ಬಿರುಕುಬಿಟ್ಟ ಬುರುಡೆಗೆ ಮರದ ಅಚ್ಚು ಮಾಡಿಸಿ ಹೊಸ ಎರಕ ಹೊಯ್ಯಿಸಬೇಕು, ಸವೆದ ಬೇರಿಂಗಿಗೆ ಬಿಳಿಲೋಹ ಕರಗಿಸಿ ತುಂಬಿ ಹದಕ್ಕೆ ಕೆರೆಯಬೇಕು, ತುಕ್ಕು ತಿಂದ ತಳದ ತಗಡು ಬದಲಿಸಬೇಕು. ಪ್ಯಾಡಿಂಗ್ಟನ್ ಬಳಿಯ ಲಿಟಲ್ ವೆನಿಸ್‌ನಲ್ಲಿ 1983ರಲ್ಲಿ ಶುರುವಾದ ಮೇ ತಿಂಗಳ ಕೆನಾಲ್‌ವೇ ಕ್ಯಾವಲ್ಕೇಡ್ ಮೇಳಕ್ಕೆ ಉತ್ತರದಿಂದ ಬರುವ ದೋಣಿಗಳು ಬುಲ್ಸ್ ಬ್ರಿಜ್‌ನಲ್ಲಿ ತಿರುಗಿ ಪಾರ್ಕ್ ರಾಯಲ್ ಹಾದೇ ಹೋಗಬೇಕು. ಯಂತ್ರವನ್ನು ಗಾಜಿನ ಹಿಂದೆ ಇಡುವುದಕ್ಕಿಂತ ನೀರಿನಲ್ಲಿ ನಡೆಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಹಿಂದಕ್ಕೆ ತಿರುಗಿಸುವ ಆ ಗಳಿಗೆಯನ್ನು ಯಾವ ಫಲಕದಲ್ಲೂ ಬರೆದು ಕಲಿಸಲಾಗದು.

ಹೊಗೆಯ ಪ್ರಶ್ನೆ ಮಾತ್ರ ನಿಜ. ಕಾಲುವೆಯ ದಡದಲ್ಲಿ ಈಗ ಮನೆಗಳು ಎದ್ದಿವೆ, ಹಳೆಯ ಎಂಜಿನ್ನಿನ ಕಪ್ಪು ಹೊಗೆ ಕಿಟಕಿಯೊಳಕ್ಕೆ ಬರುವುದನ್ನು ಯಾರೂ ಸಹಿಸಬೇಕಾಗಿಲ್ಲ. ಉತ್ತರ ಇಂಧನದಲ್ಲಿ ಸಿಕ್ಕೀತು. ಬಿಸಿಬುರುಡೆ ಎಂಜಿನ್ನಿಗೆ ಎಣ್ಣೆಯ ಜಾತಿ ಅಷ್ಟಾಗಿ ಮುಖ್ಯವಲ್ಲ. ಕಾದ ಕಬ್ಬಿಣಕ್ಕೆ ತಾಗಿ ಆವಿಯಾಗುವ ಎಣ್ಣೆ ಏನಿದ್ದರೂ ಅದು ಉರಿಸಿಕೊಳ್ಳುತ್ತದೆ. ಡೀಸೆಲ್ ಎಂಜಿನ್ನೂ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಕಡಲೆಕಾಯಿ ಎಣ್ಣೆಯಿಂದ ನಡೆದಿತ್ತು. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ನಡೆಸಿ, ಹಳ್ಳಿಯ ಪಂಪ್‌ಸೆಟ್ಟಿಗೂ ಜನರೇಟರಿಗೂ ಅದು ಒದಗುತ್ತದೆಂದು ತೋರಿಸಿಕೊಟ್ಟರು. ಹೊಂಗೆ ಎಣ್ಣೆ ಮಂದ, ತಣ್ಣನೆಯ ಲಂಡನ್ನಿನಲ್ಲಿ ಇನ್ನೂ ಮಂದವಾಗುತ್ತದೆ. ಆದರೆ ಬುರುಡೆ ಕಾಯಿಸುವ ಹದಿನೈದು ನಿಮಿಷದಲ್ಲಿ ಪಕ್ಕದಲ್ಲೇ ಎಣ್ಣೆಯ ಡಬ್ಬವನ್ನೂ ಬೆಚ್ಚಗೆ ಮಾಡಿಕೊಂಡು, ಬಟ್ಟೆಯಲ್ಲಿ ಸೋಸಿ, ಪಂಪಿಗೆ ಬಿಡಬಹುದು. ಬೋಲಿಂಡರ್ ಇಟ್ಟುಕೊಂಡವರು ಯಾರಾದರೂ ಒಪ್ಪಿದರೆ, ಕರ್ನಾಟಕದ ಯಾವುದಾದರೂ ಗಾಣದಿಂದ ಒಂದು ಕ್ಯಾನ್ ಎಣ್ಣೆ ತರಿಸಿಕೊಡುವ ಹೊಣೆ ನನ್ನದು.